ಸುಡದೆ ಉಳಿದ ತಂತಿ

1938ರ ಮಾರ್ಚ್ 9, ಬೆಳಗಿನ ಹನ್ನೊಂದು ಗಂಟೆ. ಗಂಡನ ಮಣ್ಣು ಮುಗಿಸಿ ಬಂದ ಸುಂದ್ರವ್ವ ಗೋಕಾಕ ಠಾಣೆಯ ಕಟ್ಟೆಯ ಮೇಲೆ ಕೂತಳು. ಎರಡು ದಿನದ ಹಿಂದೆ ಅಂಕಲಗಿಯ ಬಳಿ ಸರ್ವಿಸ್ ಮೋಟಾರಿಗೆ ಬೆಂಕಿ ಬಿದ್ದಿತ್ತು. ಕಂಡಕ್ಟರನಾಗಿದ್ದ ಅವಳ ಗಂಡ ಶಿದ್ರಾಮ ಮಂದಿಯನ್ನೆಲ್ಲ ಇಳಿಸಿ, ತಾನು ಇಳಿಯುವಷ್ಟರಲ್ಲಿ ಪೆಟ್ರೋಲ್ ಟಾಕಿ ಹೊತ್ತಿಕೊಂಡಿತ್ತು. ಡ್ರೈವರ್ ಲಕ್ಕಪ್ಪನ ಬೀಡಿಯೇ ಅದಕ್ಕೆ ಕಾರಣವೆಂದು ಅವಳ ಫಿರ್ಯಾದಿ. ಫೌಜದಾರ ಶಿದ್ಲಿಂಗಪ್ಪ ಎಫ್.ಐ.ಆರ್. ಬರೆಸಿ, ಲಕ್ಕಪ್ಪನನ್ನು ಲಾಕಪ್ಪಿನಲ್ಲಿ ಕೂಡಿಸಿ ಅಂಕಲಗಿಗೆ ಹೊರಟ.

ಪಂಚನಾಮೆಯ ಹೊತ್ತಿಗೆ ಬೀಡಿಯ ಮಾತು ಬಿದ್ದುಹೋಯಿತು. ಡೈನಮೊದಿಂದ ಬ್ಯಾಟರಿಗೆ ಕರೆಂಟು ಒಯ್ಯುವ ವೈರು ಕಬ್ಬಿಣಕ್ಕೆ ತಿಕ್ಕಿ ಸವೆದು, ಉದ್ದಕ್ಕೂ ಬೆಂದುಹೋಗಿತ್ತು. ಕರೆಂಟು ಮಿತಿಮೀರಿದಾಗ ಮೊದಲು ತಾನು ಸುಟ್ಟು ವೈರನ್ನು ಉಳಿಸಬೇಕಾದದ್ದು ಫ್ಯೂಸು. ಅದು ಮಾತ್ರ ಹಾಗೆಯೇ ಇತ್ತು. ಕೂದಲೆಳೆಯಂಥ ತಂತಿಯ ಜಾಗದಲ್ಲಿ ಹುರಿ ಮಾಡಿದ ದಪ್ಪ ತಾಮ್ರ.

"ಹಿಂಗ ಹುರಿ ಮಾಡಾವ ಫಿಟ್ಟರ್ ಮುರಿಗೆಪ್ಪ ಒಬ್ಬನರಿ," ಎಂದ ಹವಾಲ್ದಾರ ಬೀರಸಿದ್ದಪ್ಪ.

ಮೂರು ಗಂಟೆಗೆ ಫೌಜದಾರ ಆ ತಾಮ್ರವನ್ನು ಮುರಿಗೆಪ್ಪನ ಮುಂದಿಟ್ಟ.

"ಹಾಕಿದಾವ ಯಾರು?"

"ನಾನರಿ."

"ವೈರು ಬೇಯತೈತಿ ಅಂತ ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ. ಕತ್ತಲಕ್ಕಿಂತ ಅದು ಚಲೋ ಅನಿಸ್ತರಿ."

ಹೋದ ವರ್ಷ ಒಂದು ರಾತ್ರಿ ಹೆರಿಗೆ ನೋವಿನಲ್ಲಿದ್ದ ಮುರಿಗೆಪ್ಪನ ಹೆಂಡತಿ ಶಿವವ್ವನನ್ನು ಅದೇ ಮೋಟಾರಿನಲ್ಲಿ ಘಟಪ್ರಭಾದ ದವಾಖಾನೆಗೆ ಒಯ್ಯುತ್ತಿದ್ದಾಗ ಫ್ಯೂಸು ಸುಟ್ಟಿತ್ತು. ಕರೆಂಟು ಸಿಗದೆ ಬ್ಯಾಟರಿ ಖಾಲಿಯಾಗಿ ದೀಪ ಆರಿದವು. ಶಿದ್ರಾಮ ಕಂದೀಲು ಹಿಡಿದು ಮೋಟಾರಿನ ಮುಂದೆ ಉದ್ದಕ್ಕೂ ನಡೆದ. ದವಾಖಾನೆ ಮುಟ್ಟುವಷ್ಟರಲ್ಲಿ ಶಿವವ್ವ ತಣ್ಣಗಾಗಿದ್ದಳು.

"ಇನ್ನ ಮ್ಯಾಲ ಯಾರೂ ಶಿದ್ರಾಮಣ್ಣನಂಗ ನಡೀಬಾರ್ದು ಅಂತ ಹಾಕಿದ್ನಿರಿ," ಎಂದ ಮುರಿಗೆಪ್ಪ.

ಫೌಜದಾರ ಆ ತಾಮ್ರವನ್ನು ಕಾಗದದಲ್ಲಿ ಸುತ್ತಿಟ್ಟ.

"ಇನ್ನೂ ಯಾವ್ಯಾವ ಗಾಡಿಗೆ ಹಾಕೀದಿ?"

"ಹುಕ್ಕೇರಿಗಿ ಹೋಗೂದು, ಮೂಡಲಗಿಗಿ ಹೋಗೂದು. ಎರಡರಿ."

ಮೂಡಲಗಿಯಿಂದ ಮರಳುತ್ತಿದ್ದ ಮೋಟಾರನ್ನು ಕಲ್ಲೋಳಿಯಲ್ಲೇ ತಡೆಯಲು ಬೀರಸಿದ್ದಪ್ಪ ಸೈಕಲ್ ಹತ್ತಿ ಹೊರಟ. ಹುಕ್ಕೇರಿಯದು ಮಂದಿ ತುಂಬಿಕೊಂಡು ಸ್ಟ್ಯಾಂಡಿನಲ್ಲಿ ನಿಂತಿತ್ತು. ಫೌಜದಾರ ಮಂದಿಯನ್ನು ಇಳಿಸಿ ಮುರಿಗೆಪ್ಪನನ್ನು ಹತ್ತಿಸಿದ. ತಾಮ್ರವನ್ನು ಅವನು ಸರಾಗವಾಗಿ ಬಿಚ್ಚಿದ. ಸಣ್ಣ ತಂತಿಯನ್ನು ಕೂಡಿಸುವಾಗ ಎರಡು ಸಲ ಕೆಳಗೆ ಬೀಳಿಸಿದ.

"ಕತ್ತಲಾಗೂದ್ರಾಗ ಹುಕ್ಕೇರಿ ಮುಟ್ಟು," ಎಂದು ಮುರಿಗೆಪ್ಪ ಡ್ರೈವರಿಗೆ ಹೇಳಿ ಇಳಿದು, ಬೇಡಿಗೆ ಕೈ ಚಾಚಿದ.

ಠಾಣೆಯ ಕಟ್ಟೆಯ ಮೇಲೆ ಸುಂದ್ರವ್ವ ಇನ್ನೂ ಕೂತಿದ್ದಳು. ಮುರಿಗೆಪ್ಪನ ಮುಖವನ್ನಷ್ಟೇ ನೋಡಿದಳು, ಬೇಡಿಯನ್ನು ನೋಡಲಿಲ್ಲ.

"ಮಣ್ಣಿಗಿ ಬರಲಿಲ್ಲಲ್ಲೊ, ತಮ್ಮಾ," ಎಂದಳು. "ನಿನ್ನ ದಾರಿ ಭಾಳ ಹೊತ್ತು ನೋಡಿದ್ವಿ."