ನಲ್ಲಿಯ ಮುಂದಿನ ಕೊಡಗಳು

ಯುದ್ಧದ ಕಾಲದಲ್ಲಿ ನಮ್ಮ ಕೇರಿಯ ನಲ್ಲಿ ನೀರನ್ನು ಸೈನ್ಯದ ಶಿಬಿರಕ್ಕೆ ತಿರುಗಿಸಿದರು. ಚರಂಡಿ ಪಕ್ಕದ ಬಾವಿ ನೀರು ಕುಡಿದ ಅರ್ಧ ಕೇರಿ ವಾಂತಿಭೇದಿಯಲ್ಲಿ ಸತ್ತಿತು. ಸತ್ತವರಲ್ಲಿ ನನ್ನ ಅಮ್ಮನೂ ಒಬ್ಬಳು. ಉಳಿದವರನ್ನು ಊರಾಚೆ ಸಾಗಿಸಿ, ಖಾಲಿ ಮನೆಗಳಿಗೆ ಸುಣ್ಣ ಬಳಿಯಲು ನನ್ನನ್ನೂ ಚಿಕ್ಕಮ್ಮನನ್ನೂ ಕಳಿಸಿದರು.

ಒಣಗಿದ ನಲ್ಲಿಯ ಮುಂದೆ ಕೊಡಗಳು ಸಾಲಾಗಿ ಹಾಗೇ ನಿಂತಿದ್ದವು. ನೋಡುತ್ತಲೇ ಹಳೆಯ ಬೆಳಗುಗಳು ಕಣ್ಣಿಗೆ ಕಟ್ಟಿದವು. ಜಗಳವಿಲ್ಲದೆ ನಮ್ಮವರಿಗೆ ನೀರು ರುಚಿಸುತ್ತಿರಲಿಲ್ಲ. "ಏನೇ, ನಿನ್ನ ಕೊಡಕ್ಕೆ ಕಾಲು ಬಂತಾ?" ಎಂದು ಅಮ್ಮ ಸರದಿ ತಪ್ಪಿಸಿದವಳನ್ನು ಕೆಣಕುತ್ತಿದ್ದಳು.

ಅಮ್ಮನ ತಾಮ್ರದ ಕೊಡ, ಬಾಯಿ ಸೊಟ್ಟಗಾದದ್ದು, ಸಾಲಿನ ಕೊನೆಯಲ್ಲಿತ್ತು. ಒಂದು ಮನೆಗೆ ಸುಣ್ಣ ಬಳಿದು ಹೊರಬಂದಾಗ ನಡುವಿನಲ್ಲಿತ್ತು. ಉರಿಬಿಸಿಲಿನಲ್ಲೂ ಅದರ ಮೈ ತಣ್ಣಗಿತ್ತು, ತಳದ ಮಣ್ಣು ಒದ್ದೆಯಾಗಿತ್ತು. ಕೇರಿಯಲ್ಲಿ ನಮ್ಮಿಬ್ಬರ ಹೊರತು ನರಪಿಳ್ಳೆ ಇರಲಿಲ್ಲ.

ಮಧ್ಯಾಹ್ನ ನಮ್ಮ ಸುಣ್ಣದ ಕೆಲಸದ ಮೇಸ್ತ್ರಿ ಗಾಡಿ ತಂದ. "ಕೊಡಗಳನ್ನೆಲ್ಲ ಗಾಡಿಗೆ ತುಂಬಿ. ಕರಗಿಸಿ ಗುಂಡು ಮಾಡ್ತಾರಂತೆ."

ಅಷ್ಟರಲ್ಲಿ ಅಮ್ಮನ ಕೊಡ ನಲ್ಲಿಯ ಕೆಳಗೇ ಬಂದು ನಿಂತಿತ್ತು. ಚಿಕ್ಕಮ್ಮ ಅದರ ಮುಂದೆ ಹೋಗಿ ನಿಂತಳು.

"ಕೆಲಸ ಹೋಗುತ್ತೆ ನೋಡು," ಎಂದ ಮೇಸ್ತ್ರಿ.

"ಹೋಗ್ಲಿ ಬಿಡಪ್ಪ. ನಮ್ಮಕ್ಕ ನೀರು ಹಿಡಿಯೋವರೆಗೂ ನಾನು ಮುಟ್ಟಲ್ಲ, ನಿನ್ನನ್ನೂ ಮುಟ್ಟೋಕೆ ಬಿಡಲ್ಲ."