ಲಿಂಗಿ ಅತ್ತೆಯ ಹತ್ತನೇ ಲೆವೆಲ್

ಇದು ನಡೆದದ್ದು ಮಟಮಟ ಮಧ್ಯಾಹ್ನ, ನಾಪೋಕ್ಲುವಿನ ನಮ್ಮ ಮನೆಯಲ್ಲಿ. ಲ್ಯಾಪ್‌ಟಾಪಿನಲ್ಲಿ ನಾನೊಂದು ಆಟ ಆಡುತ್ತೇನೆ. ಮನುಷ್ಯರನ್ನು ಸೃಷ್ಟಿಸಿ, ಉಣ್ಣಿಸಿ, ಮಲಗಿಸಿ, ಕೆಲಸದಲ್ಲಿ ಮೇಲೆ ತರುವ ಆಟ. ಅದರಲ್ಲಿ ನಾನು ಬೆಳೆಸುತ್ತಿದ್ದ ಗಾಯಕಿಗೆ ತೀರಿಹೋದ ಲಿಂಗಿ ಅತ್ತೆಯ ಹೆಸರನ್ನೂ ಮುಖವನ್ನೂ ಕೊಟ್ಟಿದ್ದೆ. ಕಾಳುಮೆಣಸು ಕೊಯ್ಯುತ್ತ ಇಡೀ ತೋಟಕ್ಕೆ ಕೇಳುವಂತೆ ಹಾಡುತ್ತಿದ್ದ ಅತ್ತೆ ಒಮ್ಮೆಯೂ ವೇದಿಕೆ ಹತ್ತಿದವಳಲ್ಲ.

ಆಟದ ಗಾಯಕಿಯನ್ನು ಬೀದಿಯಲ್ಲಿ ಹಾಡಿಸಿ, ಕನ್ನಡಿಯ ಮುಂದೆ ಅಭ್ಯಾಸ ಮಾಡಿಸಿ ಒಂಬತ್ತನೇ ಲೆವೆಲ್ಲಿಗೆ ತಂದಿದ್ದೆ. ಅಂದಿನ ಕಾರ್ಯಕ್ರಮ ಗೆದ್ದರೆ ಹತ್ತು, ಅದೇ ತುದಿ. ಅವಸರದಲ್ಲಿ ಅವಳಿಗೆ ಊಟ ಮಾಡಿಸುವುದನ್ನೇ ಮರೆತಿದ್ದೆ. ಹಸಿವು ತೋರಿಸುವ ಪಟ್ಟಿ ಕೆಂಪಗಾಗಿತ್ತು. ಆದರೂ ಹಾಡು ಏರುತ್ತಿತ್ತು. ತಂಗಿ ಪ್ರಿಯಾ ನನ್ನ ತೋಳು ಹಿಡಿದು ಕುಣಿಯುತ್ತಿದ್ದಳು.

ಅಂದೇ ಮನೆಯಲ್ಲಿ ಹಿರಿಯರಿಗೆ ಎಡೆ. ಒಳಗೆ ಅಜ್ಜ ಬಾಳೆಲೆಯ ಮುಂದೆ ಕೂತು ತೀರಿಹೋದವರನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು.

"ಲಿಂಗೀ, ಬಾ ಮಗಳೇ, ಉಂಡ್ಕೊಂಡು ಹೋಗು."

ಗಾಯಕಿ ಹಾಡು ನಿಲ್ಲಿಸಿದಳು. ನಾನು ಮೌಸ್ ಮುಟ್ಟಿರಲಿಲ್ಲ. ಅವಳು ವೇದಿಕೆ ಇಳಿದು, ಆಟದೊಳಗಿನ ತನ್ನ ಮನೆಗೆ ಹೋಗಿ, ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನನ್ನ ಬೆರಳಡಿಯ ಕೀಬೋರ್ಡ್ ತಣ್ಣಗಾಯಿತು.

"ಅಕ್ಕಾ, ಈ ಗೇಮಲ್ಲಿ ಯಾರೂ ನೆಲದ ಮೇಲೆ ಕೂರಲ್ವಲ್ಲ," ಎಂದಳು ಪ್ರಿಯಾ.

ಸ್ವಲ್ಪ ಹೊತ್ತಿಗೆ ಕೆಂಪಗಿದ್ದ ಹಸಿವಿನ ಪಟ್ಟಿ ತಾನಾಗಿ ಹಸಿರಾಗಿ ತುಂಬಿತು. ಗಾಯಕಿ ಎದ್ದಳು, ಸೊಂಟಕ್ಕೆ ಕೈ ಒರೆಸಿಕೊಂಡಳು, ವೇದಿಕೆಗೆ ಮರಳಿ ನಿಲ್ಲಿಸಿದಲ್ಲಿಂದಲೇ ಹಾಡಿದಳು. ಹತ್ತನೇ ಲೆವೆಲ್ ಬಂದೇಬಿಟ್ಟಿತು. ನಾವಿಬ್ಬರೂ ಹೆದರಿಕೆ ಮರೆತು ಕಿರುಚಿಕೊಂಡೆವು.

ಈಗ ಮೂರು ತಿಂಗಳಾಯಿತು. ದಿನವೂ ಹಾಡಿಸುತ್ತೇನೆ, ಒಂದು ತುತ್ತೂ ಉಣ್ಣಿಸಿಲ್ಲ. ಅಂದು ತುಂಬಿದ ಆ ಹಸಿವಿನ ಪಟ್ಟಿ ಇನ್ನೂ ಇಳಿದಿಲ್ಲ.