ಎರಡನೇ ನಂಬರ್

ಬಾಗಿಲು ತೆರೆದೇ ಇತ್ತು. ಹಾಲ್‌ನ ಗೋಡೆಗೆ ಆತು ನಿಂತ ಐದಡಿ ಉದ್ದದ ಖಾಲಿ ಗಾಜಿನ ಟ್ಯಾಂಕ್, ಅದರ ಕೆಳಗೆ ಮರದ ಕಪಾಟು, ಕಪಾಟಿನಿಂದ ಹೊರಗೆ ಚಾಚಿದ ಎರಡು ಕಾಲು. ಒಂದು ಕಾಲಿಗೆ ಸಾಕ್ಸ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ಎರಡೂ ಕೈಯಲ್ಲಿ ಉಪ್ಪಿನ ಬಕೆಟ್ ಹಿಡಿದು ಮೂರು ಮಹಡಿ ಹತ್ತಿ ಬಂದವಳಿಗೆ ಕಾಲಿನ ಚೆಂದ ನೋಡುವ ಪುರುಸೊತ್ತಿರಲಿಲ್ಲ. ಪ್ಲಂಬರ್ ಮೊದಲೇ ಬಂದಿರುತ್ತಾನೆ ಎಂದು ಅವಳ ಅಕ್ವೇರಿಯಂ ಅಂಗಡಿಯ ಯಜಮಾನರು ಹೇಳಿ ಕಳಿಸಿದ್ದರು.

"ಅಣ್ಣಾ, ಪೈಪ್ ಕೆಲಸ ಆಮೇಲೆ ಮಾಡಿ. ಕೆಳಗೆ ವ್ಯಾನಲ್ಲಿ ಮರಳಿನ ಚೀಲ, ಕಲ್ಲಿನ ಪೆಟ್ಟಿಗೆ ಇದೆ. ಸ್ವಲ್ಪ ತಂದುಕೊಡಿ."

ಅವನು ಹೊರಗೆ ತೆವಳಿ ಬಂದ. ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಹಾಗೇ ಮುಚ್ಚಿದ. ಒಂದು ಸಾಕ್ಸಿನಲ್ಲೇ ಮೆಟ್ಟಿಲಿಳಿದು ಹೋದ. ಅರ್ಧ ಗಂಟೆ ಅವಳು ಹೇಳಿದ್ದನ್ನೆಲ್ಲ ಹೊತ್ತ, ಇಳಿಸಿದ, ಹಿಡಿದ, ಬಿಟ್ಟ. ಹೇಳಿದ ಮಾತನ್ನು ಇಷ್ಟು ಕೇಳುವ ಪ್ಲಂಬರನನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

"ಓನರ್ ಎಲ್ಲಿ ಹೋದ್ರು?" ಎಂದು ಕೇಳಿದಳು.

"ಇಲ್ಲೇ ಇದಾರೆ. ನಿಮ್ಮ ಕಲ್ಲು ಹೊತ್ತು ಸೊಂಟ ಹಿಡ್ಕೊಂಡು ನಿಂತಿದಾರೆ."

ಅವಳ ಕಿವಿ ಬಿಸಿಯಾಯಿತು. ಸಾರಿ ಎಂದಳು, ಇನ್ನೊಮ್ಮೆ ಸಾರಿ ಎಂದಳು, ಮೂರನೆಯ ಸಲ ಹೇಳುವಷ್ಟರಲ್ಲಿ ನಗು ಬಂದುಬಿಟ್ಟಿತು. ಅವನೂ ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಮುಚ್ಚುತ್ತಿತ್ತು. ಅದನ್ನು ಯಾಕೆ ಗಮನಿಸಿದೆ ಎಂದು ಅವಳು ವ್ಯಾನ್ ಓಡಿಸುತ್ತ ವಾಪಸು ಬರುವಾಗ ತನ್ನನ್ನೇ ಕೇಳಿಕೊಂಡಳು.

ಅವನು ಹಡಗಿನ ಇಂಜಿನಿಯರ್. ಏಳು ತಿಂಗಳು ನೀರ ಮೇಲೆ, ಆಮೇಲೆ ಹತ್ತು ವಾರ ಮನೆಯಲ್ಲಿ.

"ಹನ್ನೊಂದು ವರ್ಷ ಸಮುದ್ರದ ಮೇಲಿದೀನಿ. ಒಂದು ಮೀನಿನ ಮುಖ ಸರಿಯಾಗಿ ನೋಡಿಲ್ಲ. ನಾನು ನೋಡೋದು ಇಂಜಿನ್ ರೂಮಿನ ಗೋಡೆ," ಎಂದ, ಅವಳು ಬಂದ ಎರಡನೆಯ ಮಂಗಳವಾರ. ಅದಕ್ಕೇ ಅವನಿಗೆ ಮನೆಯೊಳಗೆ ಒಂದು ತುಂಡು ಸಮುದ್ರ ಬೇಕಿತ್ತು. ಹವಳ, ಮೀನು, ಅಲೆ, ಎಲ್ಲ. ಮತ್ತು ಅವನಿಲ್ಲದಾಗ ಅದು ತನ್ನಷ್ಟಕ್ಕೆ ತಾನೇ ನಡೆಯಬೇಕಿತ್ತು.

ಹಾಗೆ ನಡೆಸುವುದೇ ಅವಳ ಕಸುಬು. ನೀರು ಆವಿಯಾದಷ್ಟು ಸಿಹಿನೀರು ತಾನಾಗಿಯೇ ತುಂಬಿಕೊಳ್ಳಲು ಒಂದು ಪಂಪು, ಅಲೆ ಎಬ್ಬಿಸಲು ಇನ್ನೊಂದು, ಹೊತ್ತಿಗೆ ಸರಿಯಾಗಿ ಬೆಳಗಿ ಆರಲು ದೀಪ, ಶಾಖ ಕಾಯಲು ಹೀಟರ್, ಊಟ ಉದುರಿಸಲು ಒಂದು ಡಬ್ಬಿ, ಇವೆಲ್ಲವನ್ನೂ ಆಳಲು ಅಂಗೈ ಅಗಲದ ಕಂಟ್ರೋಲರ್. ಯಾವುದು ಕೈಕೊಟ್ಟರೂ ಅದು ಫೋನಿಗೆ ಮೆಸೇಜ್ ಕಳಿಸುತ್ತಿತ್ತು.

"ಇದು ಫೀಡ್ ಬಟನ್," ಎಂದು ತೋರಿಸಿದಳು. "ಕೈಯಾರೆ ಊಟ ಹಾಕುವಾಗ ಒತ್ತಬೇಕು. ಹತ್ತು ನಿಮಿಷ ಅಲೆ ನಿಲ್ಲುತ್ತೆ, ಊಟ ಚೆಲ್ಲಾಪಿಲ್ಲಿ ಆಗಲ್ಲ."

ಅವನು ಒತ್ತಿದ. ಅಲೆ ನಿಂತಿತು. ಅವನ ಜೇಬಿನಲ್ಲಿ ಫೋನು ಟಿಣ್ ಎಂದಿತು.

"ಇದೇನು, ನಾನೇ ಒತ್ತಿದ್ದಕ್ಕೆ ನನಗೇ ಸುದ್ದೀನಾ?"

"ಬೇರೆ ಯಾರಾದರೂ ಒತ್ತಿದ್ರೆ ನಿಮಗೆ ಗೊತ್ತಾಗಲಿ ಅಂತ, ಪ್ಲಂಬರಣ್ಣ."

ಅವನು ಸ್ಕ್ರೂ ತಿರುಗಿಸುತ್ತ, ಅವಳ ಕಡೆ ನೋಡದೆ ಹೇಳಿದ. "ಪ್ಲಂಬರ್ ಅನ್ನಿ, ಬೇಜಾರಿಲ್ಲ. ಆದರೆ ಆ ಅಣ್ಣ ಬೇಡ."

ಅವಳು ಉಪ್ಪಿನಂಶ ಅಳೆಯುವ ಕೊಳವೆಯನ್ನು ಬೆಳಕಿಗೆ ಹಿಡಿದು, ಅಲ್ಲಿರುವ ಗೆರೆಯನ್ನು ಬೇಕಾದ್ದಕ್ಕಿಂತ ಬಹಳ ಹೊತ್ತು ಓದಿದಳು.

ಟ್ಯಾಂಕಿಗೆ ನೀರು ತುಂಬಿದ ಕೂಡಲೇ ಮೀನು ಬಿಡುವಂತಿಲ್ಲ. ಕಣ್ಣಿಗೆ ಕಾಣದ ಜೀವಾಣುಗಳು ಕಲ್ಲಿನಲ್ಲಿ ಸಂಸಾರ ಹೂಡಬೇಕು. ನೀರಿನ ವಿಷವನ್ನು ಅವು ತಿಂದು ತೀರಿಸುವಂತಾಗಬೇಕು. ಅದಕ್ಕೆ ನಾಲ್ಕೈದು ವಾರ. ಅಲ್ಲಿಯವರೆಗೆ ಅವಳು ಪ್ರತಿ ಮಂಗಳವಾರ ಸಂಜೆ ಐದಕ್ಕೆ ಬಂದು ನೀರು ಪರೀಕ್ಷಿಸುವುದು, ಅವನು ಟೀ ಮಾಡುವುದು. ಅವನಾಗಲೇ ಮೀನಿನ ಊಟದ ನಾಲ್ಕು ಡಬ್ಬಿ ಕೊಂಡಿಟ್ಟಿದ್ದ.

"ಕೂಸು ಹುಟ್ಟೋ ಮುಂಚೆ ಕುಲಾವಿ," ಎಂದಳು.

"ಆಫರ್ ಇತ್ತು," ಎಂದ ಗಂಭೀರವಾಗಿ.

ನಾಲ್ಕನೆಯ ವಾರ ಕಲ್ಲಿನ ಮೇಲೆ ಕಂದು ಬಣ್ಣದ ಪಾಚಿ ಹಿಡಿಯಿತು. ನೋಡಲು ಕೊಳಕು, ಆದರೆ ಶುಭಸೂಚನೆ. ಅವಳು ಖುಷಿಯಿಂದ ಹೋದಳು. ಐದನೆಯ ಮಂಗಳವಾರ ಬಂದು ನೋಡಿದರೆ ಟ್ಯಾಂಕ್ ಫಳಫಳ ಹೊಳೆಯುತ್ತಿತ್ತು. ಒಂದೊಂದು ಕಲ್ಲೂ ಹಲ್ಲುಜ್ಜಿಕೊಂಡು ಬಂದ ಹಾಗಿತ್ತು.

"ಏನು ಮಾಡಿದ್ರಿ?"

"ತೊಳೆದೆ," ಎಂದ. ಮುಖದಲ್ಲಿ ಬಹುಮಾನಕ್ಕೆ ಕಾಯುವವನ ಕಳೆ. "ನಮ್ಮ ಇಂಜಿನ್ ರೂಮಲ್ಲಿ ಒಂದು ಹನಿ ಎಣ್ಣೆ ಇದ್ದರೂ ಚೀಫ್ ಬಿಡಲ್ಲ. ನೀವು ಬರೋ ಹೊತ್ತಿಗೆ ಚೆನ್ನಾಗಿ ಕಾಣಲಿ ಅಂತ ಎರಡು ದಿನ ಕೂತು ಬ್ರಷ್ ಹಾಕಿದೆ. ಕೆಳಗಿದ್ದ ಆ ಬಿಳಿ ಫಿಲ್ಟರ್ ಕಲ್ಲೂ ಅಷ್ಟೇ."

"ನಲ್ಲಿ ನೀರಲ್ಲಾ?"

"ಹೂಂ. ನಲ್ಲಿ ನೀರಲ್ಲೇ."

ಅವಳು ಸ್ಟೂಲಿನ ಮೇಲೆ ಕುಸಿದಳು. ನಲ್ಲಿಯ ಕ್ಲೋರಿನ್‌ಗೆ ಜೀವಾಣುಗಳೆಲ್ಲ ಸತ್ತು ಹೋಗಿದ್ದವು. ನಾಲ್ಕು ವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಬೈಯಬೇಕೆಂದು ತಲೆ ಎತ್ತಿದಳು. ಉಪ್ಪಿಗೂ ಬ್ರಷ್ಷಿಗೂ ಸುಲಿದುಹೋದ ಅವನ ಬೆರಳುಗಳು ಕಂಡವು.

"ಮತ್ತೆ ಮೊದಲಿಂದ," ಎಂದಳು ಮೆಲ್ಲಗೆ. "ಇನ್ನು ನಾಲ್ಕು ವಾರ. ಇನ್ನೊಂದು ಸಲ ಇದರಲ್ಲಿ ಕೈ ಹಾಕಿದ್ರೆ ಕೈ ಕಟ್ಟಿಹಾಕ್ತೀನಿ."

"ಅಂದ್ರೆ ಇನ್ನೂ ನಾಲ್ಕು ಮಂಗಳವಾರ," ಎಂದ ಅವನು. ತಪ್ಪು ಮಾಡಿದವನ ಮುಖದಲ್ಲಿ ಇರಬಾರದಷ್ಟು ಸಂತೋಷ ಅಲ್ಲಿತ್ತು. ಅವಳು ಕಂಡೂ ಕಾಣದ ಹಾಗೆ ಬ್ಯಾಗಿನ ಜಿಪ್ ಎಳೆದಳು. ಒಳಗೆಲ್ಲೋ ಅವಳಿಗೂ ಸಂತೋಷವಾಗಿತ್ತು, ಅದೇ ಅವಳನ್ನು ಹೆದರಿಸಿತು.

ಹೆದರಿಕೆಗೆ ಕಾರಣವಿತ್ತು. ಅವಳಪ್ಪ ದೂರದೂರಿನ ಲಾರಿ ಓಡಿಸುತ್ತಿದ್ದವರು. ಬಾಲ್ಯವೆಲ್ಲ ಅವಳು ಕಂಡದ್ದು ಅಮ್ಮ ಕೈಯಲ್ಲಿ ಸೌಟು ಹಿಡಿದು ಹಾರ್ನ್ ಸದ್ದಿಗೆ ಕಿವಿಗೊಟ್ಟು ನಿಂತದ್ದು. ಯಾರ ಹಾರ್ನಿಗೂ ನಾನು ಹೀಗೆ ಕಿವಿಗೊಡುವುದಿಲ್ಲ ಎಂದು ಹದಿನಾಲ್ಕನೆಯ ವಯಸ್ಸಿಗೇ ತೀರ್ಮಾನಿಸಿದ್ದಳು. ಈಗ ಮೂವತ್ತೆರಡು. ತೀರ್ಮಾನ ಇಲ್ಲಿಯವರೆಗೆ ಗಟ್ಟಿಯಾಗಿಯೇ ಇತ್ತು.

ಒಂಬತ್ತನೆಯ ಮಂಗಳವಾರ ನೀರು ತಯಾರಾಗಿತ್ತು. ಅವನು ಹೊರಡಲು ಇನ್ನು ಎಂಟೇ ದಿನ. ಕಂಟ್ರೋಲರ್‌ನ ಕೊನೆಯ ಪುಟ ತುಂಬುವುದೊಂದು ಬಾಕಿ. ಮೊದಲನೇ ಫೋನ್ ನಂಬರ್: ಅವನದು. ಎರಡನೇ ನಂಬರ್: ಖಾಲಿ.

"ಹಡಗಲ್ಲಿ ಎಲ್ಲಾ ಕಡೆ ನೆಟ್ ಸಿಗಲ್ಲ ಅಂದ್ರಲ್ಲ. ಊರಲ್ಲಿರೋ ಒಬ್ಬರ ನಂಬರ್ ಬೇಕು, ಮನೆ ಕೀ ಇರೋರದ್ದು," ಎಂದಳು. "ಅದಿಲ್ಲದೆ ನಾನು ಮೀನು ತರಲ್ಲ. ಮಷೀನು ಎಲ್ಲಾ ಮಾಡುತ್ತೆ, ಓಡಿ ಬರೋದೊಂದು ಮಾಡಲ್ಲ."

ಅವನು ಅಕ್ಕನಿಗೆ ಫೋನ್ ಹಚ್ಚಿದ. ಕೈಯಲ್ಲಿ ಟೀ ಲೋಟ ಇದ್ದುದರಿಂದ ಸ್ಪೀಕರ್ ಹಾಕಿದ. ಎರಡು ಬೀದಿ ಆಚೆ ಇರುವ ಅಕ್ಕನಿಗೆ ಸ್ಪೀಕರ್ ಅಗತ್ಯವೂ ಇರಲಿಲ್ಲ, ಅಂಥ ಗಂಟಲು.

"ನನ್ನ ನಂಬರಾ? ತಲೆ ಮೇಲೆ ತಲೆ ಬಿದ್ದರೂ ಕೊಡಲ್ಲ ಕಣೋ. ಹೋದ ಸಲ ಗಿಡ ಕೊಟ್ಟು ಹೋದೆ, ಒಣಗಿಸಿಬಿಟ್ಟೆ ಅಂತ ಇವತ್ತಿಗೂ ಆಡಿಕೊಳ್ತೀಯ. ಆ ಟ್ಯಾಂಕ್ ಹುಡುಗಿ ನಂಬರೇ ಹಾಕಿಸು. ಹೇಗೂ ಮೂರು ಹೊತ್ತೂ ಅವಳ ಮಾತೇ ಆಡ್ತೀಯಲ್ಲ. ಅವಳಿಗೆ ಹೇಳಿದ್ಯೋ ಇಲ್ವೋ ಇನ್ನೂ?"

ಅವನು ಫೋನ್ ಆರಿಸುವ ಗಡಿಬಿಡಿಯಲ್ಲಿ ಟೀ ಅಂಗಿಯ ಮೇಲೆ ಚೆಲ್ಲಿಕೊಂಡ.

"ಹೇಳಿರಲಿಲ್ಲ," ಎಂದ ಅಂಗಿ ಒರೆಸಿಕೊಳ್ಳುತ್ತ. "ಹೇಳೋಕೆ ಬಾಯಿ ಬರಲಿಲ್ಲ. ಏಳು ತಿಂಗಳು ಇಲ್ಲದೇ ಇರೋನು ಏನು ಅಂತ ಕೇಳೋದು? ಇಷ್ಟ ಆಗಿದ್ದೀರಿ, ಅದಂತೂ ನಿಜ. ಮೊದಲ ದಿನ ಕಲ್ಲು ಹೊರಿಸಿದ್ರಲ್ಲ, ಆವಾಗಿಂದ."

ಹೂಂ ಎಂಬುದು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಕಣ್ಣ ಮುಂದೆ ಸೌಟು ಹಿಡಿದ ಅಮ್ಮ ನಿಂತಿದ್ದಳು.

"ನನ್ನ ಕೈಲಾಗಲ್ಲ," ಎಂದಳು. "ಕಾಯೋದು ನನ್ನ ಕೈಲಾಗಲ್ಲ. ಕ್ಷಮಿಸಿ."

"ಸರಿ," ಎಂದ ಅವನು. ಒತ್ತಾಯ ಮಾಡಲಿಲ್ಲ, ಕಾರಣ ಕೇಳಲಿಲ್ಲ. "ಮೀನು ಬೇಡ ಹಾಗಾದ್ರೆ. ನೋಡೋರಿಲ್ಲದ ಮನೇಲಿ ಜೀವ ತಂದಿಡೋದು ಪಾಪ. ನೀರು, ಕಲ್ಲು ಇರಲಿ."

ಅವಳು ಮನೆಗೆ ಬಂದು ತಟ್ಟೆಯ ಮುಂದೆ ಕುಳಿತು ಅನ್ನ ಕಲೆಸುತ್ತಲೇ ಇದ್ದಳು. ಅಮ್ಮ ಏನೆಂದು ಕೇಳಿದಳು. ಒಂದಕ್ಷರ ಬಿಡದೆ ಹೇಳಿಬಿಟ್ಟಳು.

"ನಿನ್ನ ಹಾಗೆ ಬಾಗಿಲಿಗೆ ಕಿವಿ ಹಚ್ಚಿ ಬದುಕಲ್ಲ ಅಂತ ನಾನು ಯಾವತ್ತೋ ಅಂದುಕೊಂಡಿದೀನಮ್ಮ."

ಅಮ್ಮ ಕೈ ಒರೆಸಿಕೊಂಡು ಎದುರು ಕುಳಿತಳು. "ಕಾಯೋದು ಕಷ್ಟ ಅಂತ ನಾನು ಯಾವತ್ತು ಹೇಳಿದ್ದೆ? ಬರ್ತಾರೆ ಅನ್ನೋದೇ ಒಂದು ಕೆಲಸ ಆಗಿರ್ತಿತ್ತು. ಕಷ್ಟ ಆಗಿದ್ದು ಬೇರೆ. ನಾನು ಕಾದಿದ್ದು ನಿಮ್ಮಪ್ಪನಿಗೆ ಕೊನೇವರೆಗೂ ಗೊತ್ತಾಗಲಿಲ್ಲ. ಬಂದೋರು ಊಟ ಆಯ್ತಾ ಅಂತ ಒಂದಿನ ಕೇಳಲಿಲ್ಲ. ಆ ಲಾರಿಲಿ ಕೂತು ಅವರೂ ಒಂದಿನ ನನ್ನ ದಾರಿ ನೋಡಿದ್ದಿದ್ರೆ ನನಗೆ ಅಷ್ಟು ಸಾಕಿತ್ತು."

ಅವಳು ಕಲೆಸಿದ ಅನ್ನ ಹಾಗೇ ಬಿಟ್ಟು ಅಮ್ಮನನ್ನೇ ನೋಡಿದಳು. ಹದಿನೆಂಟು ವರ್ಷ ಅವಳು ತಪ್ಪು ಗಂಟನ್ನು ಹೊತ್ತು ತಿರುಗಿದ್ದಳು.

ಹತ್ತನೆಯ ಮಂಗಳವಾರ ಕೆಲಸವೇನೂ ಇರಲಿಲ್ಲ. ಆದರೂ ಐದಕ್ಕೆ ಸರಿಯಾಗಿ ಬೆಲ್ ಒತ್ತಿದಳು. ಹಾಲ್‌ನಲ್ಲಿ ಅವನ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು. ನಾಳೆ ಬೆಳಿಗ್ಗೆ ಅವನು ಹೊರಡಬೇಕು. ಅವಳ ಕೈಯಲ್ಲಿ ಒಂದು ಥರ್ಮೋಕೋಲ್ ಡಬ್ಬಿ, ಅದರೊಳಗೆ ನೀರು ತುಂಬಿದ ಚೀಲದಲ್ಲಿ ಹೆಬ್ಬೆರಳುದ್ದದ ಎರಡು ಕಿತ್ತಳೆ ಮೀನು.

"ಮೀನು ಬೇಡ ಅಂದಿದ್ನಲ್ಲ," ಎಂದ ಅವನು ಬಾಗಿಲಲ್ಲೇ.

"ದಾರಿ ಬಿಡಿ, ಭಾರ ಇದೆ."

ಚೀಲವನ್ನು ಟ್ಯಾಂಕಿನ ನೀರಿನ ಮೇಲೆ ತೇಲಿಬಿಟ್ಟಳು. ಕಂಟ್ರೋಲರ್‌ನ ಕೊನೆಯ ಪುಟ ತೆರೆದು ಎರಡನೇ ನಂಬರಿನ ಜಾಗದಲ್ಲಿ ಹತ್ತು ಅಂಕಿ ಒತ್ತಿದಳು. ಅವನು ಭುಜದ ಹಿಂದೆ ನಿಂತು ಓದುತ್ತಿರುವುದು ಕುತ್ತಿಗೆಗೆ ತಿಳಿಯುತ್ತಿತ್ತು.

"ಇದು ನಿಮ್ಮ ನಂಬರು."

"ನನ್ನದೇ. ಆದರೆ ಒಂದು ಷರತ್ತು." ಅವಳು ತಿರುಗಿದಳು. "ನಾನು ಕಾಯಲ್ಲ. ಫೋನ್ ನೋಡ್ತಾ ಕೂರಲ್ಲ. ಪ್ರತಿ ಮಂಗಳವಾರ ಐದಕ್ಕೆ ಬರ್ತೀನಿ, ಕೈಯಾರೆ ಊಟ ಹಾಕ್ತೀನಿ, ಈ ಬಟನ್ ಒತ್ತುತೀನಿ. ನಿಮ್ಮ ಫೋನಿಗೆ ಸುದ್ದಿ ಬರುತ್ತೆ. ನಾನು ಬಂದಿದ್ದೆ ಅಂತ, ಚೆನ್ನಾಗಿದೀನಿ ಅಂತ. ಅದಕ್ಕೆ ನೀವು ಕಾಯಬೇಕು. ಎಲ್ಲೇ ಇದ್ರೂ ಕಾಯಬೇಕು. ಕಾದಿದ್ದನ್ನ ಬಂದು ನನಗೆ ಹೇಳಬೇಕು."

ಅವನ ಎಡಗಣ್ಣು ಮೊದಲು ಸಣ್ಣದಾಯಿತು, ಆಮೇಲೆ ಬಲಗಣ್ಣು.

"ನನಗಾಗಿ ಕಾಯೋರು ಬೇಕು ಅಂತ ಅಂದುಕೊಂಡಿದ್ದೆ," ಎಂದ. "ನಾನೇ ಕಾಯೋಕೆ ಯಾರಾದ್ರೂ ಇರಲಿ ಅಂತ ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಒಪ್ಪಿದೆ."

ಜೇಬಿನಿಂದ ಕೀ ತೆಗೆದು ಅವಳ ಅಂಗೈಯಲ್ಲಿಟ್ಟ. ಕೈ ಹಿಂತೆಗೆಯಲಿಲ್ಲ. ಅವಳೂ ಹಿಂತೆಗೆಯಲಿಲ್ಲ. ಸುಲಿದಿದ್ದ ಬೆರಳುಗಳಲ್ಲಿ ಹೊಸ ಚರ್ಮ ಬಂದು ನುಣುಪಾಗಿತ್ತು. ಚೀಲದ ನೀರು ಟ್ಯಾಂಕಿನ ನೀರಿನ ಶಾಖಕ್ಕೆ ಬರುವವರೆಗೂ ಇಬ್ಬರೂ ಹಾಗೇ ನಿಂತಿದ್ದರು, ಆಮೇಲೆ ಸೇರಿ ಮೀನು ಬಿಟ್ಟರು.

ಮುಂದಿನ ಮಂಗಳವಾರ ದಾರಿಯಲ್ಲಿ ಟ್ರಾಫಿಕ್ ಇತ್ತು. ಅವಳು ಮೂರು ಮಹಡಿ ಓಡಿ ಹತ್ತಿ, ಖಾಲಿ ಮನೆಯ ಬೀಗ ತೆರೆದಳು. ದೀಪ ತನ್ನ ಹೊತ್ತಿಗೆ ಬೆಳಗಿತ್ತು, ನೀರು ತನ್ನ ಮಟ್ಟದಲ್ಲಿತ್ತು, ಮೀನುಗಳು ಗಾಜಿನ ಹತ್ತಿರ ಬಂದು ಅವಳನ್ನು ನೋಡಿದವು. ಬಟನ್ ಒತ್ತಿದಳು. ಅಲೆ ನಿಂತಿತು. ತನ್ನ ಫೋನಿಗೂ ಬಂದ ಮೆಸೇಜ್ ನೋಡದೆ ಫೋನನ್ನು ಬ್ಯಾಗಿನೊಳಗೆ ಹಾಕಿದಳು. ಕಾಯುವವಳು ತಾನಲ್ಲವಲ್ಲ.

ಚಿಟಿಕೆ ಊಟ ಉದುರಿಸಿ ಮುಚ್ಚಳ ಹಾಕುವಷ್ಟರಲ್ಲಿ ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ಹಡಗು ಇನ್ನೂ ದಡದ ಹತ್ತಿರವೇ ಇತ್ತು, ನೆಟ್ ಸಿಗುತ್ತಿತ್ತು. ಹಿಂದೆ ದೊಡ್ಡ ಇಂಜಿನ್ನಿನ ಸದ್ದು, ಮುಂದೆ ಅವನ ದನಿ.

"ಐದು ಗಂಟೆ ಹನ್ನೊಂದು ನಿಮಿಷ," ಎಂದ ಅವನು. "ಹನ್ನೊಂದು ನಿಮಿಷ ತಡ. ನಾನು ನಾಲ್ಕೂವರೆಯಿಂದ ಫೋನ್ ಹಿಡ್ಕೊಂಡು ಡೆಕ್ ಮೇಲೆ ನಿಂತಿದೀನಿ. ಏನಾಗಿತ್ತು? ಊಟ ಆಯ್ತಾ ನಿಂದು?"

ಬಹುವಚನ ಯಾವಾಗ ಬಿಟ್ಟುಹೋಯಿತೋ ಅವನಿಗೇ ಗೊತ್ತಾಗಿರಲಿಲ್ಲ. ಅವಳು ಟ್ಯಾಂಕಿನ ಮುಂದೆ ನೆಲದ ಮೇಲೆ ಕಾಲು ಚಾಚಿ ಕುಳಿತಳು.

"ಇನ್ನೂ ಇಲ್ಲ, ಪ್ಲಂಬರ್," ಎಂದಳು. "ನಿಂದು?"